ಬೆಂಗ್ರೆಯಲ್ಲಿ ಕಂಡ ಕರಿಯ ವಜ್ರ

ಕಳೆದ ಮಾಘಮಾಸದಲ್ಲಿ ನಾವು ಸಕುಟುಂಬರಾಗಿ ಘಟ್ಟವಿಳಿದು ಮಂಗಳೂರಿಗೆ ಹೋಗಿ ನಾಲ್ಕು ದಿನ ಇದ್ದು ಬಂದೆವು. ಮೂವತ್ತೆರಡು ವರ್ಷಗಳ ಹಿಂದೆ ನಾವು ಆ ಕಡಲ ಕರೆಯ ಒಂದು ಚಿಕ್ಕ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದಾಗ ನಮ್ಮಲ್ಲಿ ಓದಿದ ಮೊಗವೀರ ಹುಡುಗನೊಬ್ಬನು ಈಗ ಮೀನುಗಾರಿಕೆಯ ದೋಣಿಯೊಂದರ ತಂಡೇಲನಾಗಿದ್ದಾನೆ. ತಂಡೇಲನೆಂದರೆ ದೋಣಿಯನ್ನು ನಡೆಸುವ ನಾಯಕ. ನೀರಿನ ಮೇಲೆ ಅವನ ಮಾತೇ ಮಾತು. ಅವನ ಮಗಳ ಮದುವೆಗೆ ಬರಲೇಬೇಕೆಂದು ಅವನು ಎರಡು ಬಾರಿ ಹೇಳಿಕಳುಹಿಸಿದುದರಿಂದ, ನಿವೃತ್ತರಾದ ನಮಗೆ ಬೇರೆ ಕಾರ್ಯಭಾರವೂ ಇಲ್ಲದುದರಿಂದ, ನಮ್ಮ ಮನೆಯವರನ್ನೂ ಒಂಬತ್ತು ವರ್ಷದ ಮೊಮ್ಮಗಳನ್ನೂ ಕರೆದುಕೊಂಡು ಹೊರಟೆವು. ಮದುವೆಯು ಸಾಂಗವಾಗಿ ನಡೆಯಿತು. ಅದನ್ನು ಇಲ್ಲಿ ವರ್ಣಿಸುವುದಿಲ್ಲ. ಮದುವೆಯ ಮರುದಿನ ಸಂಜೆ ಮೊದಲುಗೊಂಡು ನಾವು ಕಂಡದ್ದನ್ನೂ ಕೇಳಿದ್ದನ್ನೂ ಮಾತ್ರ ವಾಚಕರ ಮುಂದಿಡುತ್ತೇವೆ.

ಶಿಷ್ಯನ ಮನೆಯಿರುವುದು ಬೆಂಗ್ರೆಯಲ್ಲಿ. ಈ ಬೆಂಗ್ರೆಯ ಸನ್ನಿವೇಶವು ವಿಚಿತ್ರವಾದುದು. ಮೂಡಣದಿಂದ ಹರಿದುಬರುವ ಗುರುಪುರ ನದಿಯು, ಫಲ್ಗುಣಿಯೆಂದು ಅದಕ್ಕೆ ಇನ್ನೊಂದು ಹೆಸರು, ಕಡಲಿನ ಸಮೀಪಕ್ಕೆ ಬಂದರೂ ನೇರವಾಗಿ ಅದರೊಳಗೆ ಬೀಳುವುದಿಲ್ಲ. ತೆಂಕಣಕ್ಕೆ ತಿರುಗಿ, ಕರೆಗೆ ಸಮಾನಾಂತರವಾಗಿ ಕೆಲವು ದೂರ ಹರಿದು, ನೇತ್ರಾವತಿಯನ್ನು ಕೂಡಿ, ಆಮೇಲೆ ಅಳಿವೆಯಲ್ಲಿ ಸಮುದ್ರವನ್ನು ಸೇರುವುದು. ಹೀಗೆ ನದಿಗೂ ಕಡಲಿಗೂ ನಡುವೆ ಉಳಿದ ಮರಳಿನ ಪಟ್ಟಿಯೇ ಬೆಂಗ್ರೆ. ಮೂಡಣ ಮಗ್ಗುಲಲ್ಲಿ ನಿಂತರೆ ನದಿಯಾಚೆ ಮಂಗಳೂರಿನ ಹಳೆಯ ಬಂದರು, ಧಕ್ಕೆ, ಲಕ್ಷದ್ವೀಪಕ್ಕೆ ಸರಕು ಹೇರಿಕೊಳ್ಳುವ ಮಂಜಿಗಳು, ಸಾಲುಸಾಲಾಗಿ ಕಟ್ಟಿದ ಮೀನುದೋಣಿಗಳು. ಪಡುವಣ ಮಗ್ಗುಲಿಗೆ ಹತ್ತು ನಿಮಿಷ ನಡೆದರೆ ಎದುರಿಗೆ ಅಪಾರವಾದ ಸಾಗರ. ಮರಳಿನ ಮೇಲೆಯೇ ಬಡಗಣಕ್ಕೆ ನಡೆಯುತ್ತ ಹೋದರೆ ತಣ್ಣೀರುಬಾವಿ, ಅದರಾಚೆ ಪಣಂಬೂರು.

ಪಣಂಬೂರಿನ ಹೊಸ ಬಂದರು ಉದ್ಘಾಟಿತವಾದದ್ದು 1975ನೆಯ ಜನವರಿ 11ರಂದು. ಅದಕ್ಕೆ ಮೊದಲು ದೊಡ್ಡ ಹಡಗುಗಳು ಅಳಿವೆಯ ಹೊರಗೆ ತೆರೆದ ಕಡಲಿನಲ್ಲಿಯೇ ಲಂಗರು ಹಾಕಿ ನಿಲ್ಲಬೇಕಾಗಿತ್ತು. ಸರಕನ್ನು ಚಿಕ್ಕ ದೋಣಿಗಳಲ್ಲಿ ತುಂಬಿ ಅವುಗಳ ಬಳಿಗೆ ಸಾಗಿಸುತ್ತಿದ್ದರು. ಈಗಲೂ ಹೊಸ ಬಂದರಿನೊಳಗೆ ಜಾಗವಾಗುವವರೆಗೆ ಹಡಗುಗಳು ಹೊರಗೆ ನಿಂತು ಕಾಯುವುದುಂಟು. ನಾವು ಹೋದ ಸಂಜೆ ಅಂಥವು ಮೂರು ನಿಂತಿದ್ದವು.

ಶಿಷ್ಯನ ಮನೆಯಲ್ಲಿ ಒಂದು ದುರ್ಬೀನು ಇದ್ದಿತು. ಮೊಮ್ಮಗಳು ಅದನ್ನು ಕಣ್ಣಿಗಿಟ್ಟುಕೊಂಡು ಬಹಳ ಹೊತ್ತು ನೋಡಿ, "ತಾತ, ಆ ಹಡಗಿನ ಮೂತಿಯ ಹತ್ತಿರ ಒಂದು ಕರಿಯ ಚೆಂಡು ಕಟ್ಟಿದ್ದಾರಲ್ಲ, ಅದೇಕೆ?" ಎಂದಳು. ನಾವೂ ನೋಡಿದೆವು. ಚೆಂಡು ಇದ್ದದ್ದು ನಿಜ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಾಠ ಹೇಳಿದ ನಾಲಗೆಯು ಗೊತ್ತಿಲ್ಲವೆನ್ನಲು ನಾಚುವುದು. ಆದುದರಿಂದ, "ಹೊಸ ಮನೆಗೆ ಬೂದುಗುಂಬಳಕಾಯಿ ಕಟ್ಟುವುದಿಲ್ಲವೇ? ಹಾಗೆ ದೃಷ್ಟಿ ತಾಗದಿರಲೆಂದು ಕಟ್ಟಿರಬೇಕು" ಎಂದುಬಿಟ್ಟೆವು. ಹಿಂದೆ ನಿಂತಿದ್ದ ಶಿಷ್ಯನು ನಗುವನ್ನು ತಡೆದುಕೊಂಡು, "ಅದು ದೃಷ್ಟಿಗೆ ಕಟ್ಟಿದ್ದಲ್ಲ ಮಾಷ್ಟ್ರೇ. ಲಂಗರು ಹಾಕಿ ನಿಂತಿದ್ದೇನೆ ಅಂತ ಆ ಹಡಗು ಹೇಳುತ್ತಾ ಇದೆ" ಎಂದನು.

ಅಂದು ಸಂಜೆ ಅವನು ಗುರುವಾದನು, ನಾವು ಶಿಷ್ಯರಾದೆವು. ರಾತ್ರಿಯಲ್ಲಿ ಹಡಗುಗಳು ದೀಪಗಳ ಮೂಲಕ ತಮ್ಮ ಸ್ಥಿತಿಯನ್ನು ತಿಳಿಸುವಂತೆ ಹಗಲಿನಲ್ಲಿ ಕರಿಯ ಆಕೃತಿಗಳನ್ನು ಮೇಲೇರಿಸಿ ತಿಳಿಸಬೇಕೆಂಬುದು ಎಲ್ಲ ದೇಶಗಳ ನಾವಿಕರಿಗೂ ಸಮಾನವಾದ ನಿಯಮ. ಈಗ ನಡೆಯುತ್ತಿರುವ ನಿಯಮಾವಳಿಯು 1972ರಲ್ಲಿ ಲಂಡನ್ನಿನಲ್ಲಿ ಒಪ್ಪಿತವಾಗಿ 1977ನೆಯ ಜುಲೈ 15ರಿಂದ ಜಾರಿಗೆ ಬಂದುದು. ಆಕೃತಿಗಳು ನಾಲ್ಕೇ: ಗೋಲ, ಶಂಕು, ಉರುಳೆ, ವಜ್ರ. ಬಣ್ಣ ಒಂದೇ, ಕಪ್ಪು. ಬೆಳಗುವ ಆಕಾಶಕ್ಕೆ ಎದುರಾಗಿ ದೂರದಿಂದ ನೋಡುವಾಗ ಬೇರೆ ಬಣ್ಣಗಳೂ ಕಪ್ಪಾಗಿಯೇ ತೋರುವುದರಿಂದ ಬಣ್ಣವನ್ನು ನಂಬದೆ ಆಕಾರವನ್ನೇ ನಂಬಿದ್ದಾರೆ. ಗೋಲದ ವ್ಯಾಸವು 0.6 ಮೀಟರಿಗೆ, ಎಂದರೆ ಸುಮಾರು ಎರಡು ಅಡಿಗೆ, ಕಡಿಮೆಯಿರಬಾರದು. ಚಿಕ್ಕ ದೋಣಿಗಳಿಗೆ ಮಾತ್ರ ಇದರಲ್ಲಿ ರಿಯಾಯಿತಿಯುಂಟು.

ಒಂದು ಗೋಲವಾದರೆ ಲಂಗರಿನಲ್ಲಿದೆ. ಒಂದರ ಕೆಳಗೊಂದು ಎರಡಾದರೆ ಹಡಗು ನಾವಿಕನ ಹತೋಟಿಯಲ್ಲಿಲ್ಲ. ಮೂರಾದರೆ ನೆಲಕ್ಕೆ ತಗುಲಿ ಕೂತಿದೆ. ಗೋಲ, ವಜ್ರ, ಗೋಲ ಎಂದು ಮೂರು ತೂಗಿದರೆ, ಹೂಳೆತ್ತುವುದೇ ಮೊದಲಾದ ಕೆಲಸದಲ್ಲಿರುವುದರಿಂದ ದಾರಿ ಬಿಡಲಾರದು. ಎರಡು ಶಂಕುಗಳನ್ನು ತುದಿಗೆ ತುದಿ ತಾಗಿಸಿ ಡಮರುವಿನಂತೆ ಕಟ್ಟಿದರೆ ಬಲೆ ಬಿಟ್ಟಿರುವ ಮೀನುದೋಣಿ. "ಅದು ನಮ್ಮ ಗುರುತು. ಎಷ್ಟು ದೋಣಿಯವರು ಕಟ್ಟುತ್ತಾರೆ ಅಂತ ಮಾತ್ರ ಕೇಳಬೇಡಿ" ಎಂದು ಅವನು ತಲೆ ತಗ್ಗಿಸಿದನು. ಅದೇ ಎರಡು ಶಂಕುಗಳನ್ನು ತುದಿಗೆ ಬದಲಾಗಿ ಬುಡಕ್ಕೆ ಬುಡ ತಾಗಿಸಿದರೆ ವಜ್ರವಾಗುವುದು. ವಜ್ರದ ವಿಷಯವನ್ನು ಕೇಳಿದಾಗ, "ಅದನ್ನು ಬಾಯಿಯಲ್ಲಿ ಹೇಳಿದರೆ ತಿಳಿಯುವುದಿಲ್ಲ, ಕಣ್ಣಿಗೆ ಬಿದ್ದಾಗ ಹೇಳುತ್ತೇನೆ" ಎಂದು ಮಾತನ್ನು ನಿಲ್ಲಿಸಿದನು.

ನಮ್ಮ ಪುಣ್ಯಕ್ಕೆ ಅದು ಮರುದಿನ ಬೆಳಗಿನಲ್ಲಿಯೇ ಕಣ್ಣಿಗೆ ಬಿದ್ದಿತು. ಬಿಸಿಲೇರಿ ಒಂದು ಗಂಟೆಯಾಗಿತ್ತು. ಗಾಳಿಯಿರಲಿಲ್ಲ, ಕಡಲು ಎಣ್ಣೆ ಹೊಯ್ದಂತೆ ಶಾಂತವಾಗಿದ್ದಿತು. ತೆಂಕಣಿಂದ ಬಡಗಣಕ್ಕೆ ಗಿಡ್ಡನೆಯ, ದಪ್ಪನಾದ ಒಂದು ಹಡಗು ಮೆಲ್ಲಮೆಲ್ಲನೆ ಹೋಗುತ್ತಿದ್ದಿತು. ಅದರ ಬಹಳ ಹಿಂದೆ ಚಪ್ಪಟೆಯಾದ ಇನ್ನೊಂದು. "ಎರಡು ಹಡಗು" ಎಂದಳು ಮೊಮ್ಮಗಳು. ನಮಗೂ ಎರಡೇ ಕಂಡವು. ನಡುವೆ ಬೆಳ್ಳನೆಯ ನೀರಲ್ಲದೆ ಬೇರೇನೂ ಇರಲಿಲ್ಲ; ಮೀನುದೋಣಿಗಳು ನಾಲ್ಕು ಒಟ್ಟಿಗೆ ಹಾದುಹೋಗುವಷ್ಟು ವಿಶಾಲವಾದ ದಾರಿ.

"ಎರಡಲ್ಲ ಮಗಳೇ, ಒಂದೇ" ಎಂದನು ಶಿಷ್ಯನು. "ಕೂವೆಮರದ ಮೇಲೆ ನೋಡು."

ದುರ್ಬೀನಿನಲ್ಲಿ ನೋಡಿದೆವು. ಮುಂದಿನ ಹಡಗಿನ ಕೂವೆಮರದ ಮೇಲೆ ಒಂದು ಕರಿಯ ವಜ್ರಾಕೃತಿಯು ತೂಗುತ್ತಿದ್ದಿತು. ಹಿಂದಿನದರ ಮೇಲೆಯೂ ನೆಟ್ಟ ಕಂಬದಲ್ಲಿ ಅಂಥದೇ ಇನ್ನೊಂದು.

ಮುಂದಿನದು ಟಗ್ಗು, ಎಂದರೆ ಎಳೆಯುವ ಹಡಗು. ಹಿಂದಿನದು ಬಾರ್ಜು, ಅದಕ್ಕೆ ಸ್ವಂತ ಯಂತ್ರವಿಲ್ಲ, ಅನೇಕ ವೇಳೆ ಅದರ ಮೇಲೆ ಒಂದು ನರಪಿಳ್ಳೆಯೂ ಇರುವುದಿಲ್ಲ. ಎರಡಕ್ಕೂ ನಡುವೆ ಉಕ್ಕಿನ ಹಗ್ಗವಿದೆ. ಆದರೆ ಅದು ನೀರಿನ ಒಳಗಿದೆ. ಗಿಡ್ಡ ಹಗ್ಗದಿಂದಲೇ ಏಕೆ ಎಳೆಯಬಾರದೆಂದು ಕೇಳಿದೆವು. ಬಂದರಿನೊಳಗೆ ಹಾಗೆಯೇ ಎಳೆಯುವರಂತೆ. ತೆರೆದ ಕಡಲಿನಲ್ಲಿ ಮುಂದಿನ ಹಡಗು ತೆರೆಯನ್ನೇರುವಾಗ ಹಿಂದಿನದು ಇಳಿಯುತ್ತಿರುವುದು; ಹಗ್ಗ ಗಿಡ್ಡವಾಗಿ ಬಿಗಿದಿದ್ದರೆ ಆ ಜಗ್ಗಾಟಕ್ಕೆ ಹರಿದುಹೋಗುವುದು. ಉದ್ದವಾಗಿ ಬಿಟ್ಟರೆ ತನ್ನ ಭಾರದಿಂದ ತಾನೇ ಜೋತು ನೀರಿನೊಳಗೆ ಬಾಗಿ, ಜಗ್ಗಿದಾಗ ಸ್ವಲ್ಪ ಮೇಲೆದ್ದು, ಬಿಟ್ಟಾಗ ಇಳಿದು, ಜೋಲಿಯಂತೆ ಆ ಎಳೆತವನ್ನು ನುಂಗಿಕೊಳ್ಳುವುದು. ಹೀಗೆ ಹಗ್ಗವನ್ನು ಕಾಯುವ ಉಪಾಯವೇ ಹಗ್ಗವನ್ನು ಮರೆಮಾಡುವುದು. ಟಗ್ಗಿನ ಹಿಂಭಾಗದಿಂದ ಎಳೆಯಲ್ಪಡುವುದರ ಹಿಂದಿನ ತುದಿಯವರೆಗೆ ಅಳೆದರೆ 200 ಮೀಟರಿಗೆ ಮೀರುವುದಾದರೆ ಎರಡೂ ಕಡೆ ವಜ್ರವನ್ನು ಏರಿಸಬೇಕೆಂದು ವಿಧಿ. ಎಳೆಯಲ್ಪಡುವ ವಸ್ತುವು ಮರದ ದಿಮ್ಮಿಗಳ ತೆಪ್ಪದಂತೆ ಅರ್ಧ ಮುಳುಗಿ ಕಣ್ಣಿಗೆ ಕಾಣದಂಥದಾದರೆ ಅದರ ಹಿಂದಿನ ತುದಿಯಲ್ಲಿ ವಜ್ರವಿರಲೇಬೇಕು. ಉದ್ದವು 200 ಮೀಟರನ್ನು ಮೀರಿದರೆ ಮುಂಭಾಗದಲ್ಲಿಯೂ ಇನ್ನೊಂದು. ರಾತ್ರಿಯಾದರೆ ಟಗ್ಗಿನ ಕೂವೆಮರದಲ್ಲಿ ಒಂದರ ಕೆಳಗೊಂದು ಮೂರು ಬಿಳಿಯ ದೀಪಗಳೂ ಹಿಂದುಗಡೆ ಒಂದು ಹಳದಿಯ ದೀಪವೂ ಉರಿಯುವುವು.

ಇಷ್ಟನ್ನು ಹೇಳಿ ಶಿಷ್ಯನು ಮರಳಿನ ಮೇಲೆ ಕುಳಿತನು. ಆಮೇಲೆ ಹೇಳಿದ ಸಂಗತಿಯನ್ನು ಅವನ ಮಾತಿನಲ್ಲಿಯೇ ಬರೆಯುತ್ತೇವೆ.

"ಹದಿನೆಂಟು ವರ್ಷ ಆಯಿತು ಮಾಷ್ಟ್ರೇ. ನಾನು ಆಗ ಹೊಸತಾಗಿ ಚುಕ್ಕಾಣಿ ಹಿಡಿದವನು. ನನ್ನ ಸೋದರಮಾವ ದೋಣಿಯ ಮುಂದುಗಡೆ ಕೂತಿದ್ದರು. ಬೆಳಗ್ಗೆ, ಇದೇ ಹೊತ್ತು. ರಾತ್ರಿಯಿಡೀ ದುಡಿದು ಮೀನು ತುಂಬಿಕೊಂಡು ಬರುತ್ತಾ ಇದ್ದೆವು; ಬೇಗ ಧಕ್ಕೆ ಸೇರಿದರೆ ಒಳ್ಳೆಯ ಕ್ರಯ ಸಿಗುತ್ತದೆ. ಅಡ್ಡಕ್ಕೆ ಹೀಗೆಯೇ ಒಂದು ಟಗ್ಗು, ಅದರ ಹಿಂದೆ ಬಾರ್ಜು. ನಡುವೆ ಬೇಕಾದಷ್ಟು ಜಾಗ. ಮೇಲೆ ಕರಿಯ ವಜ್ರ ತೂಗುತ್ತಾ ಇತ್ತು. ನಾನು ನೋಡಿದೆ ಮಾಷ್ಟ್ರೇ, ನೋಡಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಯಾವುದೋ ಬುಟ್ಟಿ ಒಣಗಲಿಕ್ಕೆ ಕಟ್ಟಿದ್ದಾರೆ ಅಂದುಕೊಂಡೆ. ಟಗ್ಗಿನವರು ಐದಾರು ಸಲ ಗಿಡ್ಡಗಿಡ್ಡ ಸೀಟಿ ಹಾಕಿದರು. ಮಾತನಾಡಿಸುತ್ತಾರೆ ಅಂತ ನಮ್ಮ ಹುಡುಗರು ಕೈಬೀಸಿದರು.

ನಡುವೆ ನುಗ್ಗಿದೆ. ಎದುರಿಗೆ ನೀರು ಸೀಳಿತು. ಹಗ್ಗ ನೀರು ಸುರಿಸುತ್ತಾ ಮೇಲೆ ಎದ್ದು ಬಂತು. ನಮ್ಮ ದೋಣಿಯ ಮೂತಿಗಿಂತ ಎತ್ತರಕ್ಕೆ. ಇಂಜಿನ್ನು ಹಿಂದಕ್ಕೆ ಕೊಟ್ಟೆ. ದೋಣಿ ಅಷ್ಟು ಬೇಗ ಕೇಳುತ್ತದೆಯೇ? ಮೂತಿ ಹೋಗಿ ಹಗ್ಗಕ್ಕೆ ಬಡಿಯಿತು. ಮಾವನ ಬಲಗೈ ಹಗ್ಗಕ್ಕೂ ಮರಕ್ಕೂ ನಡುವೆ ಸಿಕ್ಕಿತು. ಅವರು ನೀರಿಗೆ ಬಿದ್ದರು. ಟಗ್ಗು ನಿಲ್ಲಲಿಲ್ಲ ಅಂತ ಆಗ ಬೈದೆ. ಅದು ನಿಂತರೂ ಬಾರ್ಜು ನಿಲ್ಲುವುದಿಲ್ಲ, ಅದಕ್ಕೆ ತಡೆ ಇಲ್ಲ, ಬಂದು ನಮ್ಮ ಮೇಲೆಯೇ ಹೋಗುತ್ತಿತ್ತು ಅಂತ ಆಮೇಲೆ ತಿಳಿಯಿತು. ಹಗ್ಗ ತಗ್ಗಿದ ಕ್ಷಣದಲ್ಲಿ ದೋಣಿ ಹಿಂದೆ ಸರಿಯಿತು. ಮಾವನನ್ನು ಎಳೆದುಕೊಂಡೆವು. ಜೀವ ಉಳಿಯಿತು. ಕೈ ಉಳಿಯಲಿಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು, "ವಜ್ರಾಕೃತಿಯ ವಿಸ್ತೀರ್ಣ ಕರ್ಣಗಳ ಗುಣಲಬ್ಧದ ಅರ್ಧ" ಎಂದನು. "ನೀವು ಕಲಿಸಿದ್ದು ಇವತ್ತಿಗೂ ಬಾಯಿಪಾಠ ಇದೆ ಮಾಷ್ಟ್ರೇ."

ಅವನು ಅದನ್ನು ಭಕ್ತಿಯಿಂದಲೇ ಹೇಳಿದನು. ಆದರೆ ನಮಗೆ ಅದು ಭರ್ತ್ಸನೆಗಿಂತ ಕಠಿಣವಾಗಿ ತಾಗಿತು. ಆ ಶಾಲೆಯು ಚಿಕ್ಕದಾದುದರಿಂದ ಸಂಸ್ಕೃತ, ಕನ್ನಡಗಳ ಜೊತೆಗೆ ಗಣಿತವನ್ನೂ ನಾವೇ ಹೇಳುತ್ತಿದ್ದೆವು. ಕರಿಹಲಗೆಯ ಮೇಲೆ ನೂರಾರು ವಜ್ರಾಕೃತಿಗಳನ್ನು ಬರೆದಿದ್ದೇವೆ. ಶಾಲೆಯ ಪಡುವಣ ಕಿಟಕಿಗಳಿಂದ ಕಡಲು ಕಾಣುತ್ತಿದ್ದಿತು. ಮಕ್ಕಳ ಗಮನವು ಅತ್ತ ಹರಿಯುವುದೆಂದು ಪಾಠದ ವೇಳೆಯಲ್ಲಿ ಆ ಕಿಟಕಿಗಳನ್ನು ಮುಚ್ಚಿಸುತ್ತಿದ್ದೆವು. ಒಳಗೆ ಬಿಳಿಯ ಸುಣ್ಣದ ಕಡ್ಡಿಯಿಂದ ನಾವು ವಜ್ರವನ್ನು ಬರೆಯುತ್ತಿರುವಾಗ ಹೊರಗೆ ಅದೇ ವಜ್ರವು ಕೂವೆಮರದ ಮೇಲೆ ತೂಗುತ್ತ ಎಷ್ಟು ಬಾರಿ ಹಾದುಹೋಗಿದ್ದಿತೋ! ನಮಗೆ ತಿಳಿದಿರಲಿಲ್ಲವೆಂಬುದು ಸಮಾಧಾನವಲ್ಲ. ಕಡಲಿನ ಮಕ್ಕಳಿಗೆ ಪಾಠ ಹೇಳುವವನು ಕಡಲಿನವರನ್ನು ಒಮ್ಮೆಯೂ ಕೇಳಲಿಲ್ಲವಲ್ಲ ಎಂಬುದೇ ವಿಷಾದ.

ನಾವು ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರು. ಬೆಟ್ಟದ ಮೇಲೆ ಹೊಗೆ ಕಂಡರೆ ಕಾಣದ ಬೆಂಕಿಯನ್ನು ಊಹಿಸುವುದಕ್ಕೆ ಅನುಮಾನವೆಂದೂ, ಹಾಗೆ ಊಹಿಸಲು ಆಧಾರವಾದ ಹೊಗೆಗೆ ಲಿಂಗವೆಂದೂ ಅಲ್ಲಿ ಹೆಸರು. ವಜ್ರವನ್ನು ಕಂಡು ನೀರಿನೊಳಗಣ ಹಗ್ಗವನ್ನು ತಿಳಿಯುವುದೂ ಅಂಥದೇ ಎಂದು ನಮಗೆ ಮೊದಲು ತೋರಿತು. ಆದರೆ ವಿಚಾರಿಸಿದರೆ ದೊಡ್ಡ ಭೇದವಿದೆ. ಹೊಗೆಯನ್ನು ಬೆಂಕಿಯು ತಾನೇ ಎಬ್ಬಿಸುವುದು. ಅದಕ್ಕೆ ಯಾರ ಅಪ್ಪಣೆಯೂ ಬೇಡ. ವಜ್ರವನ್ನಾದರೋ ಮನುಷ್ಯನು ಏರಿಸಬೇಕು. ಇದು ಸ್ವಭಾವದಿಂದ ಬಂದ ಗುರುತಲ್ಲ, ಹತ್ತು ದೇಶಗಳವರು ಕೂಡಿ ಮಾಡಿಕೊಂಡ ಸಂಕೇತ. ಏರಿಸುವವನು ಸೋಮಾರಿಯಾದರೆ ಅದು ಇಲ್ಲ. ನೋಡುವವನಿಗೆ ತಿಳಿಯದಿದ್ದರೆ ಇದ್ದೂ ಇಲ್ಲ. ಹದಿನೆಂಟು ವರ್ಷಗಳ ಹಿಂದೆ ಟಗ್ಗಿನವನು ತನ್ನ ಅರ್ಧ ಕರ್ತವ್ಯವನ್ನು ಮಾಡಿದ್ದನು. ಉಳಿದರ್ಧವನ್ನು ಯಾರೋ ಕಲಿಸಬೇಕಾಗಿತ್ತು.

ಇನ್ನೊಂದು ಸೂಕ್ಷ್ಮವನ್ನು ಶಿಷ್ಯನೇ ಹೇಳಿದನು. "ವಜ್ರ ಕಂಡರೆ ಹಗ್ಗ ಇದೆ ಅಂತ ಖಂಡಿತ. ವಜ್ರ ಕಾಣದಿದ್ದರೆ ಹಗ್ಗ ಇಲ್ಲ ಅಂತ ಮಾತ್ರ ತಿಳಿಯಬಾರದು. ಇನ್ನೂರು ಮೀಟರು ಮೀರದಿದ್ದರೆ ವಜ್ರ ಕಟ್ಟಬೇಕಾಗಿಲ್ಲ. ಅದಕ್ಕೇ ಒಂದರ ಹಿಂದೆ ಒಂದು ಒಂದೇ ವೇಗದಲ್ಲಿ ಹೋಗುವ ಎರಡನ್ನು ಕಂಡರೆ ನಾನು ನಡುವೆ ನುಗ್ಗುವುದೇ ಇಲ್ಲ. ಹಿಂದಿನದರ ಹಿಂದುಗಡೆಯಿಂದ ಸುತ್ತಿ ಬರುತ್ತೇನೆ. ಕಾಲು ಗಂಟೆ ತಡವಾಗುತ್ತದೆ, ಆಗಲಿ." ನಾವು ಬೆರಗಾದೆವು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಲೇಬೇಕೆಂಬ ನಿಯಮವಿಲ್ಲ, ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು ಹೊಗೆಯಿಲ್ಲ ಎಂದು ತಾರ್ಕಿಕರು ಹೇಳುವುದು ಇದನ್ನೇ ಅಲ್ಲವೇ? ನಾವು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದುದನ್ನು ಅವನು ಚುಕ್ಕಾಣಿಯ ಹತ್ತಿರ ನಿಂತು ಕಲಿತಿದ್ದನು. ಅದಕ್ಕೆ ಶುಲ್ಕವಾಗಿ ಅವನ ಮಾವನ ಒಂದು ಕೈ ಸಂದಿದ್ದಿತು.

ಆ ಮಾವನನ್ನು ನಾವು ಮಧ್ಯಾಹ್ನ ಕಂಡೆವು. ನದಿಯ ದಡದಲ್ಲಿ ಬಲೆಗಳನ್ನಿಡುವ ಕೊಟ್ಟಿಗೆಯೊಂದಿದೆ. ಅಲ್ಲಿ ಎಪ್ಪತ್ತರ ಮುದುಕರೊಬ್ಬರು ಬಲೆಯ ಅಂಚನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಎಡಗೈಯೊಂದರಿಂದಲೇ ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದರು. ಸುತ್ತಲೂ ದೋಣಿಗೆ ಹೊಸದಾಗಿ ಸೇರಿದ ಹುಡುಗರು ಏಳೆಂಟು ಮಂದಿ; ಕೆಲವರು ಆಂಧ್ರದವರು, ಕೆಲವರು ಒಡಿಶಾದವರು. ಅವರಿಗೆ ಕನ್ನಡವೂ ಬಾರದು, ತುಳುವೂ ಬಾರದು. "ಇವರಿಗೆ ಹೇಗೆ ಹೇಳಲಿ ಮಾಷ್ಟ್ರೇ? ನಾನು ಬರೆದರೆ ಶಂಕು ಯಾವುದು ಗೋಲ ಯಾವುದು ಅಂತ ನನಗೇ ತಿಳಿಯುವುದಿಲ್ಲ. ನಿಮ್ಮ ಕೈಯ ಗೆರೆ ಚೆನ್ನಾಗಿರುತ್ತಿತ್ತು" ಎಂದು ಶಿಷ್ಯನು ಸಂಕೋಚದಿಂದ ಕೇಳಿದನು.

ಕೊಟ್ಟಿಗೆಯ ಗೋಡೆಗೆ ಮದುವೆಗಾಗಿ ಹೊಸತಾಗಿ ಸುಣ್ಣ ಬಳಿದಿದ್ದರು. ಸುಣ್ಣದ ಕಡ್ಡಿಯು ಅಲ್ಲಿ ಪ್ರಯೋಜನವಿಲ್ಲ. ನಮ್ಮ ಮನೆಯವರು ಒಲೆಯಿಂದ ಇದ್ದಿಲನ್ನು ತಂದುಕೊಟ್ಟರು. ನಾವು ಪಂಚೆಯನ್ನು ಎತ್ತಿಕಟ್ಟಿ, ಗೋಲವೊಂದು, ಎರಡು, ಮೂರು, ಡಮರು, ಉರುಳೆ ಎಂದು ಕ್ರಮವಾಗಿ ಬರೆದು ಪ್ರತಿಯೊಂದರ ಕೆಳಗೂ ಅದಕ್ಕೆ ತಕ್ಕ ಹಡಗನ್ನು ಬರೆದೆವು. ಬಿಳಿಯ ಗೋಡೆಯ ಮೇಲೆ ಅವು ಆಕಾಶದಲ್ಲಿ ಕಾಣುವಂತೆಯೇ ಕಪ್ಪಾಗಿ ಕಂಡವು. ಮೊಮ್ಮಗಳು ಬೆರಳಿನಿಂದ ಉಜ್ಜಿ ಒಳಗನ್ನು ತುಂಬಿದಳು. ಹುಡುಗರು ಒಬ್ಬರನ್ನೊಬ್ಬರು ತಳ್ಳಿಕೊಂಡು ಹತ್ತಿರ ಬಂದರು. ಈ ಲಿಪಿಗೆ ಭಾಷೆಯ ಹಂಗಿಲ್ಲ.

ಕೊನೆಯಲ್ಲಿ ಟಗ್ಗನ್ನೂ ಬಾರ್ಜನ್ನೂ ಬರೆದು ಎರಡರ ಮೇಲೆಯೂ ವಜ್ರವನ್ನಿಟ್ಟು, ನಾವು ತೃಪ್ತಿಯಿಂದ ಇದ್ದಿಲನ್ನು ಕೆಳಗಿಟ್ಟೆವು. ಅದುವರೆಗೆ ತಲೆಯೆತ್ತದಿದ್ದ ಮುದುಕರು ನೋಡಿ, ತುಳುವಿನಲ್ಲಿ, "ಹಗ್ಗ ಎಲ್ಲಿ ಮಾಷ್ಟ್ರೇ?" ಎಂದರು. ಅದು ನೀರಿನೊಳಗಿರುವುದರಿಂದ ಕಾಣುವುದಿಲ್ಲವಲ್ಲ ಎಂದೆವು. "ಕಾಣದ್ದನ್ನೇ ಬರೆಯಬೇಕು. ಕಾಣುವುದನ್ನು ಅವರೇ ನೋಡಿಕೊಳ್ಳುತ್ತಾರೆ" ಎಂದರು.

ಸರಿಯೆಂದು ತೋರಿತು. ಮತ್ತೆ ಇದ್ದಿಲನ್ನು ತೆಗೆದುಕೊಂಡು ನೀರಿನ ಗೆರೆಯ ಕೆಳಗೆ ಒಂದು ಹಡಗಿನಿಂದ ಇನ್ನೊಂದರವರೆಗೆ ಜೋತುಬಿದ್ದ ದಪ್ಪ ಹಗ್ಗವನ್ನು ಎಳೆದೆವು. ಅದನ್ನು ಕಂಡೊಡನೆ ಒಡಿಶಾದ ಹುಡುಗನೊಬ್ಬನು ಮುದುಕರ ತೋಳಿಲ್ಲದ ಭುಜವನ್ನೂ ಗೋಡೆಯನ್ನೂ ಒಮ್ಮೆ ನೋಡಿ ತನ್ನ ಭಾಷೆಯಲ್ಲಿ ಏನನ್ನೋ ಮೆಲ್ಲನೆ ಉಳಿದವರಿಗೆ ಹೇಳಿದನು. ಎಲ್ಲರೂ ಸುಮ್ಮನಾದರು. ಮಾತು ತಿಳಿಯದಿದ್ದರೂ ಪಾಠವು ಮುಟ್ಟಿತೆಂದು ಉಪಾಧ್ಯಾಯನಿಗೆ ತಿಳಿಯುವ ಕ್ಷಣವೊಂದುಂಟು. ಅದು ನಮಗೆ ಬಹುದಿನಗಳ ಮೇಲೆ ದೊರೆಯಿತು.

ಮರುದಿನ ದೋಣಿಯಲ್ಲಿ ನದಿಯನ್ನು ದಾಟಿ ಊರಿಗೆ ಹಿಂದಿರುಗಿದೆವು. ಪಣಂಬೂರಿನ ಕಡೆಗೋ ಮಲ್ಪೆ, ಕಾರವಾರಗಳ ಕಡೆಗೋ ಹೋಗುವ ವಾಚಕರು ಮಕ್ಕಳನ್ನು ಕರೆದುಕೊಂಡು ಹೋಗುವಾಗ ಒಂದು ದುರ್ಬೀನನ್ನೂ ಜೊತೆಗಿಟ್ಟುಕೊಂಡರೆ ಒಳ್ಳೆಯದು. ಹಡಗುಗಳ ಮೇಲೆ ಏನಾದರೂ ಕಪ್ಪಾಗಿ ತೂಗುತ್ತಿದ್ದರೆ ಮಕ್ಕಳು ಕೇಳಿಯೇ ಕೇಳುವರು. ಅದನ್ನು ದೃಷ್ಟಿಗೆ ಕಟ್ಟಿದ್ದಾರೆಂದು ಹೇಳಬೇಡಿ. ಹತ್ತಿರದಲ್ಲಿ ಬಲೆ ಹೆಣೆಯುವವರು ಯಾರಾದರೂ ಇದ್ದರೆ ಅವರನ್ನು ಕೇಳಿರಿ.